ಮಿಗ್ ಬಿದ್ದ ದಿನ ನಾನು ಆಡಿದ ಮಾತು

ನನಗೊಂದು ಕೆಟ್ಟ ಗುಣವಿದೆ. ಯಾರಾದರೂ ಏನಾದರೂ ಕೇಳಿದರೆ ‘ಗೊತ್ತಿಲ್ಲ’ ಅನ್ನಲು ನಾಲಿಗೆ ಏಳುವುದಿಲ್ಲ. ಮಗುವಿನ ಕೆಮ್ಮಿಗೆ ಏನು ಕೊಡಬೇಕು, ವೀಸಾಕ್ಕೆ ಯಾವ ಫಾರ್ಮು ತುಂಬಬೇಕು, ಇಡ್ಲಿ ಯಾಕೆ ಗಟ್ಟಿಯಾಯಿತು, ಎಲ್ಲದಕ್ಕೂ ನನ್ನ ಹತ್ತಿರ ಉತ್ತರ ರೆಡಿ. ಎದುರಿನವರ ಮಾತು ಮುಗಿಯುವ ತನಕ ಕಾಯುವ ವ್ಯವಧಾನವೂ ಇಲ್ಲ. ‘ಪೂರ್ತಿ ಕೇಳಿಸ್ಕೊಳೇ ಮಾರಾಯ್ತಿ’ ಎಂದು ಹೇಳಿ ಹೇಳಿ ನನ್ನ ಗಂಡ ಸೋತು ಸುಣ್ಣವಾಗಿದ್ದಾರೆ. ಈ ಗುಣದಿಂದ ನಾನು ಮಾಡಿದ ಒಂದು ಕೆಲಸವನ್ನು ಅವರಿಗೂ ಹೇಳಿಲ್ಲ.

ನಾವಾಗ ಸನ್ನಿವೇಲ್‌ನಲ್ಲಿ, ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನ ಮಹಡಿ ಮನೆಯಲ್ಲಿದ್ದೆವು. ಇಂಡಿಯನ್ ಗ್ರೋಸರಿಯ ಸಾಲಿನಲ್ಲಿ ಕೊತ್ತಂಬರಿ ಸೊಪ್ಪು ಹಿಡಿದು ನಿಂತವರೂ ಸ್ಟಾಕ್ ಆಪ್ಷನ್ನಿನ ಮಾತಾಡುತ್ತಿದ್ದ ಕಾಲ. ಗಂಡ ಬೆಳಗ್ಗೆ ಏಳಕ್ಕೆ ತಮ್ಮ ಸ್ಟಾರ್ಟಪ್ಪಿಗೆ ಹೋದರೆ ಬರುವ ಹೊತ್ತು ಅವರಿಗೇ ತಿಳಿಯದು. ನನ್ನದು ಕೆಲಸ ಮಾಡಲು ಬಿಡದ ವೀಸಾ. ಕಂಕುಳಲ್ಲಿ ಮೂರು ತಿಂಗಳ ಮಗು. ಬಾಣಂತನಕ್ಕೆಂದು ಮೈಸೂರಿನಿಂದ ಅಮ್ಮ ಬಂದಿದ್ದರು.

ನನ್ನ ಒಬ್ಬನೇ ತಮ್ಮ ವಾಯುಪಡೆಯಲ್ಲಿ ಪೈಲಟ್. ಅವನು ಹಾರಿಸುತ್ತಿದ್ದದ್ದು ಮಿಗ್-೨೧, ರಷ್ಯಾದವರು ಮಾಡಿದ ಯುದ್ಧವಿಮಾನ. ಅಮ್ಮ ಅದರ ಹೆಸರನ್ನು ಬಾಯಲ್ಲಿ ಹೇಳುತ್ತಲೇ ಇರಲಿಲ್ಲ. ‘ಅವನ ಗಾಡಿ’ ಅನ್ನುತ್ತಿದ್ದರು, ಅವನೇನೋ ದಿನಾ ಬೆಳಗ್ಗೆ ಲೂನಾ ಓಡಿಸಿಕೊಂಡು ಆಫೀಸಿಗೆ ಹೋಗುತ್ತಾನೆ ಅನ್ನುವಂತೆ. ಮಿಗ್ಗುಗಳು ಆಗಾಗ ಬೀಳುತ್ತಿದ್ದವು. ಯುದ್ಧವೇ ಬೇಕಾಗಿರಲಿಲ್ಲ, ಸುಮ್ಮನೆ ಅಭ್ಯಾಸಕ್ಕೆ ಏರಿದವೂ ಬೀಳುತ್ತಿದ್ದವು. ಪೇಪರಿನಲ್ಲಿ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತಿತ್ತು.

ಅವನಿಗೋ ಅದರ ಮೇಲೆ ಪ್ರಾಣ. ರಜೆಯಲ್ಲಿ ಬಂದಾಗ ಊಟದ ತಟ್ಟೆಯ ಮುಂದೆ ಕೂತು ನನಗೆ ಪಾಠ ಮಾಡುತ್ತಿದ್ದ. ಮೈಯೆಲ್ಲ ಎಂಜಿನ್ನು, ಮೊಂಡು ರೆಕ್ಕೆ, ಮುಂದೆ ಒಬ್ಬನೇ ಒಬ್ಬ ಕೂರುವಷ್ಟು ಜಾಗ. ಇಳಿಯುವಾಗ ಗಂಟೆಗೆ ಮುನ್ನೂರು ಕಿಲೋಮೀಟರಿಗೂ ಮೇಲೆ. ‘ರಷ್ಯಾದವ್ರು ನಾಜೂಕು ಗೀಜೂಕು ಏನೂ ಇಟ್ಕೊಂಡಿಲ್ಲ ಅಕ್ಕ, ಗಟ್ಟಿ ಸಾಮಾನು. ಆದ್ರೆ ತಪ್ಪು ಮಾಡಿದ್ರೆ ಕ್ಷಮಿಸಲ್ಲ. ಒಂದು ಸೆಕೆಂಡು ಆಕಡೆ ಈಕಡೆ ನೋಡಿದ್ರೆ ಮುಗೀತು’ ಎಂದು ನಗುತ್ತಾ ಸಾರಿಗೆ ಕೈಚಾಚಿದ. ಸೌಟು ಎತ್ತಿ ಅವನ ಬೆನ್ನಿಗೆ ಒಂದು ಬಿಟ್ಟಿದ್ದೆ. ಆಮೇಲೆ ಇಲ್ಲಿ ಡ್ರೈವಿಂಗು ಕಲಿಯುವಾಗ ಫ್ರೀವೇ ಮೇಲೆ ಅರವತ್ತೈದು ಮೈಲಿ ಮುಟ್ಟಿದರೆ ನನ್ನ ಅಂಗೈ ಬೆವರುತ್ತಿತ್ತು. ಇದರ ಮೂರು ಪಟ್ಟು ವೇಗದಲ್ಲಿ ಅವನು ನೆಲ ಮುಟ್ಟುತ್ತಾನಲ್ಲ ಎಂದು ನೆನಪಾದರೆ ವೇಗ ಇಳಿಸಿ ಪಕ್ಕದ ಲೇನಿಗೆ ಸರಿದುಬಿಡುತ್ತಿದ್ದೆ.

ಕೆಳಗಿನ ಮನೆಯಲ್ಲಿ ರಷ್ಯಾದ ಒಬ್ಬ ಮುದುಕರಿದ್ದರು, ಮಗಳ ಜೊತೆ ವಲಸೆ ಬಂದವರು. ಅಲ್ಲಿ ಯಾವುದೋ ವಿಮಾನದ ಕಾರ್ಖಾನೆಯಲ್ಲಿ ಇಡೀ ಜೀವಮಾನ ಕೆಲಸ ಮಾಡಿದ್ದರಂತೆ. ಒಂದು ದಿನ ಲಾಂಡ್ರಿ ರೂಮಿನಲ್ಲಿ ಬಟ್ಟೆ ಮಡಿಸುತ್ತಾ, ನನ್ನ ಜಂಬ ಕೇಳಬೇಕೇ, ತಮ್ಮ ಮಿಗ್-೨೧ ಹಾರಿಸುತ್ತಾನೆ ಅಂದೆ. ಅವರ ಮುಖ ಅರಳಿತು. ಹೆಬ್ಬೆರಳು ಎತ್ತಿ ‘ಗುಡ್ ಏರ್‌ಪ್ಲೇನ್, ವೆರಿ ಗುಡ್’ ಅಂದರು. ಆಮೇಲೆ ಕೈಲಿದ್ದ ಟವೆಲ್ಲು ಹಾಗೇ ಹಿಡಿದುಕೊಂಡು ನನ್ನನ್ನೇ ನೋಡಿ, ‘ಬಟ್ ಸ್ಟಿಲ್? ಸ್ಟಿಲ್ ಫ್ಲೈಯಿಂಗ್?’ ಅಂದರು. ಸುತ್ತಿ ಬಳಸಿ ಮಾತಾಡುವವರಲ್ಲ, ಇದ್ದದ್ದನ್ನು ಇದ್ದಂತೆ ಕೇಳಿದರು. ತಾವು ಹುಡುಗರಾಗಿದ್ದಾಗ ಮಾಡಿದ ಸಾಮಾನು ಇನ್ನೂ ಸೇವೆಯಲ್ಲಿದೆ ಎಂದರೆ ಅವರಿಗೆ ನಂಬಿಕೆಯಾಗಲಿಲ್ಲ. ನಾನು ‘ಯೆಸ್, ಯೆಸ್’ ಅಂದು ಮೇಲೆ ಬಂದೆ. ಅವತ್ತಿನಿಂದ ನನಗೆ ಭಯ ಮೈಗೆ ಅಂಟಿಕೊಂಡಿತು. ಬೆಳಗ್ಗೆ ಎದ್ದು ಹಲ್ಲು ಉಜ್ಜುವ ಮೊದಲು ಕಂಪ್ಯೂಟರು ಹಚ್ಚಿ ಭಾರತದ ಸುದ್ದಿ ನೋಡುವುದು ಚಟವಾಯಿತು. ಮಿಗ್ ಎಂಬ ಎರಡಕ್ಷರ ಇಲ್ಲದಿದ್ದರೆ ಆ ದಿನ ನನಗೆ ಕಾಫಿ ರುಚಿಸುತ್ತಿತ್ತು.

ಆ ದಿನ ಬೇಸಗೆ. ಗಂಡ ಹೋಗಿಯಾಗಿತ್ತು. ಅಮ್ಮ ಮಗುವಿನ ಎಣ್ಣೆನೀರಿಗೆ ಅಣಿಮಾಡುತ್ತಿದ್ದರು. ನಾನು ಬೆಡ್‌ರೂಮಿನಲ್ಲಿ ಕೂತು ಮೋಡೆಮ್ಮಿನ ಕಿರುಚಾಟ ಮುಗಿಯುವುದನ್ನೇ ಕಾದು ಪುಟ ತೆರೆದೆ. ಮೇಲುಗಡೆಯೇ ಒಂದು ಸಾಲು: ವಾಯುಪಡೆಯ ಮಿಗ್-೨೧ ಪತನ, ಪೈಲಟ್ ಬಗ್ಗೆ ಮಾಹಿತಿ ಇಲ್ಲ. ಕೆಳಗೆ ಊರಿನ ಹೆಸರು. ಮರಳುಗಾಡಿನ ಅಂಚಿನ ಆ ಸಣ್ಣ ಊರಿನ ಹೆಸರನ್ನು ನಾನು ಪ್ರತಿ ತಿಂಗಳೂ ಕಾಗದದ ಮೇಲೆ ನನ್ನ ಕೈಯಾರೆ ಬರೆಯುತ್ತಿದ್ದೆ. ನನ್ನ ತಮ್ಮ ಇದ್ದ ಊರು ಅದೇ.

ಎದೆ ಧಸಕ್ಕೆಂದಿತು ಅನ್ನುತ್ತಾರಲ್ಲ, ನನಗೆ ಹಾಗೇನೂ ಆಗಲಿಲ್ಲ. ಎದ್ದು ಬಾಗಿಲು ಹಾಕಿ ಬಂದು ಮತ್ತೆ ಓದಿದೆ. ಅಕ್ಷರ ಬದಲಾಗಿರಲಿಲ್ಲ. ಸಂಜೆ ಮಬ್ಬಿನಲ್ಲಿ ಹಾರಾಟದ ವೇಳೆ, ಎಂದಿತ್ತು. ಅಲ್ಲಿ ಆಗ ರಾತ್ರಿ ಎಂಟೋ ಎಂಟೂಕಾಲೋ.

ರಿಫ್ರೆಶ್ ಒತ್ತಿದೆ. ಅದೇ ಸಾಲು. ಇನ್ನೊಂದು ಪತ್ರಿಕೆಯ ಪುಟಕ್ಕೆ ಹೋದೆ, ಅದು ಮೇಲಿನಿಂದ ಕೆಳಗೆ ಪಟ್ಟಿ ಪಟ್ಟಿಯಾಗಿ ಬಿಚ್ಚಿಕೊಳ್ಳುವ ತನಕ ಉಸಿರು ಹಿಡಿದು ಕೂತೆ. ಅಲ್ಲಿ ಸುದ್ದಿಯೇ ಇಲ್ಲ. ಭಾರತದವರು ಹರಟುವ ಒಂದು ಚಾಟ್ ರೂಮಿಗೆ ಹೋದರೆ ಒಬ್ಬ ‘ಪೈಲಟ್ ಸೇಫ್’ ಎಂದು ಬರೆದಿದ್ದ, ಇನ್ನೊಬ್ಬ ‘ಹೋಗಿಬಿಟ್ಟ’ ಎಂದು ಬರೆದಿದ್ದ. ಮೂರನೆಯವನು ರಷ್ಯಾವನ್ನು ಬೈಯುತ್ತಿದ್ದ, ನಾಲ್ಕನೆಯವನು ಬೈದವನನ್ನು ಬೈಯುತ್ತಿದ್ದ. ಥತ್, ನಿಮ್ಮ ಮನೆ ಹಾಳಾಗ, ಯಾವನಿಗಾದರೂ ಹೆಸರು ಗೊತ್ತಾ ಎಂದು ಪರದೆಯ ಮುಂದೆ ಬೈದೆ. ಮತ್ತೆ ಮೊದಲಿನ ಪುಟಕ್ಕೆ ಬಂದೆ. ರಿಫ್ರೆಶ್. ರಿಫ್ರೆಶ್.

ಆಗ ಬೇಡಿಕೊಂಡದ್ದನ್ನು ಮುಚ್ಚಿಡುವುದಿಲ್ಲ. ದೇವರೇ, ಬೇರೆ ಯಾರಾದರೂ ಆಗಿರಲಿ, ಯಾರ ಮನೆಯವನಾದರೂ ಆಗಿರಲಿ ಎಂದೇ ಬೇಡಿಕೊಂಡೆ. ಒಂದು ಸಲ ಅಲ್ಲ, ಬಾಯಿ ಒಣಗುವವರೆಗೂ.

ಅಮ್ಮ ಬಾಗಿಲು ತಟ್ಟಿದರು. ‘ಏನೇ ಇದು, ಬೆಳಗ್ಗೆಯಿಂದ ಫೋನು ಹಿಡ್ಕೊಂಡು ಕೂತಿದ್ದೀಯ?’

‘ಫೋನಲ್ಲಮ್ಮಾ, ಕಂಪ್ಯೂಟರು.’

‘ಎರಡಕ್ಕೂ ಒಂದೇ ತಂತಿ ಅಲ್ವೇನೆ? ಯಾರಾದ್ರೂ ಫೋನ್ ಮಾಡಿದ್ರೆ?’

‘ಯಾರ್ ಮಾಡ್ತಾರಮ್ಮ ಈಗ? ನೀನು ಹೋಗು, ಮಗು ನೋಡ್ಕೋ.’

ಅಷ್ಟು ಜೋರಾಗಿ ಅಮ್ಮನ ಮೇಲೆ ಎಂದೂ ಕೂಗಿರಲಿಲ್ಲ. ನಮ್ಮ ಮನೆಗಿದ್ದದ್ದು ಒಂದೇ ಲೈನು. ನಾನು ಇಂಟರ್ನೆಟ್ಟಿನಲ್ಲಿ ಕೂತರೆ ಹೊರಗಿನಿಂದ ಕರೆ ಮಾಡಿದವರಿಗೆ ಎಂಗೇಜ್ ಸದ್ದು. ಇನ್ನೊಂದು ಲೈನು ಹಾಕಿಸೋಣ ಎಂದು ಗಂಡ ಹೇಳಿದಾಗ ಯಾಕೆ ದಂಡ ಅಂದವಳೂ ನಾನೇ. ಈ ಒಂದೇ ತಂತಿಯ ಮಾತು ಅಮ್ಮನಿಗೆ ಹೊಳೆಯಿತು, ನನಗೆ ಹೊಳೆಯಲಿಲ್ಲ. ನನಗೆ ಪರದೆಯಿಂದ ಕಣ್ಣು ತೆಗೆದರೆ ಅಷ್ಟರಲ್ಲೇ ಹೆಸರು ಬಂದುಬಿಡುತ್ತದೆ ಎಂಬ ಹುಚ್ಚು.

ಒಂದೂವರೆ ಗಂಟೆ ಹಾಗೇ ಕಳೆಯಿತು. ಕೊನೆಗೆ ಅಮ್ಮ ಅಡುಗೆಮನೆಯಲ್ಲಿದ್ದ ಫೋನನ್ನು ತಾವೇ ಎತ್ತಿದರು. ಎತ್ತಿದ್ದೇ ತಡ, ನನ್ನ ಸಂಪರ್ಕ ಕಡಿದು ಪುಟ ಅರ್ಧಕ್ಕೇ ನಿಂತುಹೋಯಿತು. ‘ಅಮ್ಮಾ! ಇಡಮ್ಮಾ ಕೆಳಗೆ!’ ಎಂದು ಕಿರುಚಿಕೊಂಡು ಓಡಿಬಂದೆ. ಅಮ್ಮ ಹೆದರಿ ಫೋನು ಕೆಳಗಿಟ್ಟರು. ಇಟ್ಟ ಕೂಡಲೇ ಅದು ಹೊಡೆದುಕೊಂಡಿತು.

ತಮ್ಮನ ಹೆಂಡತಿ. ಹಾಸನದ ಹುಡುಗಿ, ಮದುವೆಯಾಗಿ ಎರಡು ವರ್ಷವಾಗಿತ್ತು, ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ ಅವನ ಜೊತೆಯಲ್ಲೇ ಇದ್ದಳು. ದನಿ ಬಾವಿಯೊಳಗಿನಿಂದ ಬಂದಂತೆ ಬರುತ್ತಿತ್ತು.

‘ಅತ್ತಿಗೆ! ಎಷ್ಟೊತ್ತಿಂದ ಟ್ರೈ ಮಾಡ್ತಿದ್ದೀನಿ, ಬರೀ ಎಂಗೇಜು, ಎಂಗೇಜು!’

‘ಹೇಳು, ಏನಾಯ್ತು ಹೇಳೇ ಬೇಗ.’

‘ನನಗೇನು ಗೊತ್ತು ಅತ್ತಿಗೆ? ನೀವೇ ಹೇಳಬೇಕು. ನಿಮ್ಮ ಕಂಪ್ಯೂಟರಲ್ಲಿ ಎಲ್ಲಾ ಬರತ್ತಲ್ಲ. ಇಲ್ಲಿ ಯಾರೂ ಬಾಯಿ ಬಿಡ್ತಿಲ್ಲ, ಮನೆ ಫೋನುಗಳನ್ನೆಲ್ಲ ನಿಲ್ಲಿಸಿಬಿಟ್ಟಿದ್ದಾರೆ. ಗೇಟಿನ ಹೊರಗೆ ಬೂತ್‌ಗೆ ಬಂದಿದ್ದೀವಿ. ಪಕ್ಕದ ಮನೆಯವ್ರೂ ಜೊತೇಲಿ ಬಂದಿದ್ದಾರೆ. ಹೆಸರು ಬಂದಿದ್ಯಾ ಅತ್ತಿಗೆ? ಎರಡು ಮೇಲಕ್ಕೆ ಹೋಗಿದ್ವು, ಒಂದೇ ಇಳಿದಿದ್ದು. ನಾವಿಬ್ಬರೂ…’

ಅವಳು ಸುದ್ದಿ ಹೇಳುತ್ತಾಳೆಂದು ನಾನು ಕಾದಿದ್ದೆ. ಅವಳು ಸುದ್ದಿಗಾಗಿ ನನ್ನನ್ನು ಹಿಡಿಯಲು ಒಂದೂವರೆ ಗಂಟೆ ಬೂತಿನಲ್ಲಿ ನಿಂತಿದ್ದಳು. ಎದುರಿಗೆ ಅಮ್ಮ, ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡು, ನನ್ನ ಬಾಯನ್ನೇ ನೋಡುತ್ತಾ. ಅವರಿಗೆ ನಾನು ಏನೂ ಹೇಳಿರಲಿಲ್ಲ, ಆದರೆ ಎಲ್ಲಾ ಗೊತ್ತಾಗಿತ್ತು.

‘ನಮ್ಮವನಲ್ಲ ಕಣೆ’ ಅಂದುಬಿಟ್ಟೆ.

ಅವಳು ಮೆತ್ತಗೆ, ‘ನೋಡಿದ್ರಾ?’

‘ನೋಡ್ದೆ. ಹೆಸರು ಬಂದಿದೆ. ಬೇರೆ ಯಾರೋ.’

‘ಸರಿಯಾಗಿ ನೋಡಿದ್ರಾ ಅತ್ತಿಗೆ?’

‘ನಮ್ಮವನಲ್ಲ ಅಂದ್ನಲ್ಲ! ನೀನು ಮನೆಗೆ ಹೋಗಿ ಏನಾದ್ರೂ ತಿನ್ನು.’

ಅತ್ತಳೋ ಏನೋ, ಒಂದು ಸದ್ದು ಬಂತು. ಲೈನು ಕಡಿಯಿತು.

ಅಮ್ಮ ಇದ್ದಲ್ಲೇ ಕಾರ್ಪೆಟ್ಟಿನ ಮೇಲೆ ಕುಸಿದು ಕೂತರು. ಬಿಕ್ಕಿ ಬಿಕ್ಕಿ ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು, ದೇವರ ಪಟದ ಮುಂದೆ ದೀಪ ಹಚ್ಚಿದರು. ‘ನನಗೆ ಹೇಳೋಕ್ಕೇನಾಗಿತ್ತೇ ನಿನಗೆ, ಒಬ್ಬಳೇ ಒದ್ದಾಡಿದ್ಯಲ್ಲ’ ಎಂದು ನನ್ನ ತಲೆ ಸವರಿದರು. ಆಮೇಲೆ ಕೇಸರಿಬಾತು ಮಾಡುತ್ತೇನೆಂದು ಎದ್ದರು. ತುಪ್ಪದಲ್ಲಿ ರವೆ ಹುರಿಯುವ ವಾಸನೆ ಮನೆ ತುಂಬಾ ಹರಡಿತು.

ನನಗೆ ನಿಜವಾದ ಭಯ ಶುರುವಾದದ್ದು ಆಮೇಲೆ. ಅಲ್ಲಿಯವರೆಗೆ ತಮ್ಮನಿಗೆ ಏನಾಯಿತೋ ಎಂಬ ಹೆದರಿಕೆ ಒಂದೇ ಇತ್ತು. ಈಗ ನಾನು ಆಡಿದ ಸುಳ್ಳು ಅದರ ಪಕ್ಕದಲ್ಲಿ ಬಂದು ಕೂತಿತು. ಮತ್ತೆ ಕಂಪ್ಯೂಟರು ಹಚ್ಚಲು ಧೈರ್ಯ ಸಾಲಲಿಲ್ಲ, ಹೆಸರು ಬಂದಿದ್ದರೆ? ಹಚ್ಚದೆ ಫೋನಿನ ಮುಂದೆ ಕೂತಿರಲೂ ಆಗಲಿಲ್ಲ, ಅದು ಹೊಡೆದರೆ? ಹತ್ತಿರದ ಮಿಲಿಟರಿ ರನ್‌ವೇಯಿಂದ ದಪ್ಪ ಹೊಟ್ಟೆಯ ವಿಮಾನವೊಂದು ಏರಿ ನಮ್ಮ ಮಾಡಿನ ಮೇಲೇ ಹೋಯಿತು. ದಿನಾ ಹೋಗುವಂಥದ್ದೇ. ಕಿಟಕಿಯ ಗಾಜು ಗಡಗಡ ಅಂದಾಗ ನಾನು ಮಗುವನ್ನು ಎತ್ತಿಕೊಂಡು ಗೋಡೆಯ ಮೂಲೆಗೆ ಹೋಗಿ ನಿಂತಿದ್ದೆ. ಯಾಕೆ ಹಾಗೆ ನಿಂತೆನೋ ದೇವರಿಗೇ ಗೊತ್ತು.

ಅಲ್ಲೇ ನಿಂತಿದ್ದಾಗ ಅವಳ ಅರ್ಧ ಮಾತು ಕಿವಿಯಲ್ಲಿ ತಿರುಗಿ ಬಂತು. ಎರಡು ಹೋಗಿದ್ವು. ಒಂದೇ ಇಳಿದಿದ್ದು. ನಾವಿಬ್ಬರೂ. ನಾವಿಬ್ಬರೂ ಏನು? ಪಕ್ಕದ ಮನೆಯವನು ತಮ್ಮನ ಗೆಳೆಯ, ಜೊತೆಯಲ್ಲೇ ಹಾರುವವನು, ಎಷ್ಟೋ ಕಾಗದಗಳಲ್ಲಿ ತಮ್ಮ ಅವನ ವಿಷಯ ಬರೆದಿದ್ದ. ಮೇಲೆ ಹೋದವರು ಇವರಿಬ್ಬರೇ. ಬೂತಿನಲ್ಲಿ ನಿಂತಿದ್ದವರು ಅವರಿಬ್ಬರ ಹೆಂಡಂದಿರು. ನಮ್ಮವನಲ್ಲ ಎಂದು ನಾನು ಒಬ್ಬಳಿಗೆ ಹೇಳಿದಾಗ, ಪಕ್ಕದಲ್ಲಿ ನಿಂತವಳಿಗೆ ಏನು ಹೇಳಿದಂತಾಯಿತು? ಅಯ್ಯೋ ದೇವರೇ, ಏನು ಮಾಡಿದೆ ನಾನು ಎಂದು ಬಾಯಿಬಿಟ್ಟು ಅಂದೆ. ವಾಪಸ್ ಮಾಡೋಣವೆಂದರೆ ಆ ಬೂತಿನ ನಂಬರು ಇಲ್ಲ, ಅವರ ಮನೆಯ ಫೋನು ಸತ್ತಿದೆ. ಆಡಿದ ಮಾತನ್ನು ಹಿಂದಕ್ಕೆ ಕರೆಯುವ ದಾರಿ ಒಂದೂ ಇರಲಿಲ್ಲ.

ಹನ್ನೊಂದು ಗಂಟೆಗೆ ಫೋನು ಹೊಡೆಯಿತು.

‘ನಮ್ಮವರೇ ಅತ್ತಿಗೆ’ ಅಂದಳು. ಅಳುತ್ತಿರಲಿಲ್ಲ. ‘ಆಸ್ಪತ್ರೆಯಿಂದ ಮಾಡ್ತಿದ್ದೀನಿ. ಎಂಜಿನ್ನಿಗೆ ಹಕ್ಕಿ ಬಡಿದಿದೆ. ಕೊನೇ ಗಳಿಗೇಲಿ ಸೀಟು ಸಮೇತ ಹೊರಗೆ ಹಾರಿದ್ದಾರೆ. ಕತ್ತಲಲ್ಲಿ ಹೊಲದಲ್ಲಿ ಬಿದ್ದಿದ್ರಂತೆ, ಹುಡುಕೋಕೆ ಹೊತ್ತಾಯ್ತು. ಬೆನ್ನುಮೂಳೆ ಮುರಿದಿದೆ. ಎಚ್ಚರ ಇಲ್ಲ. ಬದುಕ್ತಾರೋ ಇಲ್ವೋ ಡಾಕ್ಟರು ಹೇಳ್ತಿಲ್ಲ.’

ಸೌಟು ಹಿಡಿದುಕೊಂಡೇ ಅಮ್ಮ ಬಂದು ನಿಂತಿದ್ದರು. ನಾನು ಹೇಳಿದೆ. ಅಮ್ಮ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ.

‘ನೋಡ್ದೆ ಅಂದ್ಯಲ್ಲೇ?’ ಅಂದರು. ‘ಹೆಸರು ಬಂದಿದೆ ಅಂದ್ಯಲ್ಲೇ ನೀನು?’

ನಾನು ಮಗುವಿನ ಹೊದಿಕೆ ಸರಿಮಾಡಿದೆ. ಕೇಸರಿಬಾತನ್ನು ಯಾರೂ ಮುಟ್ಟಲಿಲ್ಲ. ಮಧ್ಯಾಹ್ನ ನಾನೇ ಎತ್ತಿ ಹೊರಗಿನ ಕಸದ ಡಂಪ್‌ಸ್ಟರಿಗೆ ಸುರಿದು ಬಂದೆ.

ಎರಡು ದಿನ ಅವನಿಗೆ ಎಚ್ಚರವಿರಲಿಲ್ಲ. ಆ ಎರಡು ದಿನ ನಾನು ಸತ್ತು ಸತ್ತು ಹುಟ್ಟಿದೆ. ಗಂಡ ಆಫೀಸಿಗೆ ಹೋಗದೆ ಮನೆಯಲ್ಲೇ ಕೂತರು. ಊಟ ಯಾರು ಮಾಡಿದರೋ, ಮಗುವಿಗೆ ಹಾಲು ಎಷ್ಟು ಹೊತ್ತಿಗೆ ಕೊಟ್ಟೆನೋ ನೆನಪಿಲ್ಲ. ಅಮ್ಮ ನನ್ನೊಂದಿಗೆ ಮಾತಾಡುತ್ತಿದ್ದರು, ಅನ್ನ ಹಾಕಲಾ, ಬಟ್ಟೆ ಒಣಗಿದೆಯಾ, ಅಷ್ಟು. ಅವನಿಗೆ ಏನಾದರೂ ಆದರೆ ಅದು ನನ್ನ ಸುಳ್ಳಿನಿಂದಲೇ ಆದದ್ದು ಎಂದು ನನ್ನ ಮನಸ್ಸು ತೀರ್ಮಾನ ಮಾಡಿಬಿಟ್ಟಿತ್ತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಬುದ್ಧಿಗೆ ಗೊತ್ತಿತ್ತು, ಭಯಕ್ಕೆ ಗೊತ್ತಿರಲಿಲ್ಲ.

ಮೂರನೆಯ ದಿನ ಬೆಳಗ್ಗೆ ತಮ್ಮನ ಹೆಂಡತಿಯ ಕರೆ ಬಂತು. ಕಣ್ಣು ಬಿಟ್ಟಿದ್ದ. ನೀರು ಕೇಳಿದ್ದ. ಆಮೇಲೆ ಜೊತೆಗೆ ಹಾರಿದ ಗೆಳೆಯ ಸರಿಯಾಗಿ ಇಳಿದನಾ ಎಂದು ಕೇಳಿದ್ದ. ಬೆನ್ನಿಗೆ ಆಪರೇಷನ್ ಆಗಬೇಕು, ಇನ್ನು ಆ ವಿಮಾನ ಹತ್ತುವುದು ಅನುಮಾನ, ಆದರೆ ಜೀವಕ್ಕೆ ಭಯವಿಲ್ಲ ಅಂದರಂತೆ. ಅಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿಸಿಕೊಂಡು, ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋದರು. ಎರಡು ದಿನದಿಂದ ಸ್ನಾನ ಮಾಡಿರಲಿಲ್ಲ.

ಈಗ ಅವಳು ಅತ್ತಳು. ಅತ್ತು ಹಗುರಾದ ಮೇಲೆ ಆ ರಾತ್ರಿಯದನ್ನು ಹೇಳಿದಳು.

‘ನೀವು ಹೇಳಿದ್ಮೇಲೆ ನಾವಿಬ್ಬರೂ ನಮ್ಮನೆಗೇ ಬಂದ್ವಿ ಅತ್ತಿಗೆ. ಅವಳನ್ನ ಒಬ್ಬಳನ್ನೇ ಹೇಗೆ ಬಿಡಲಿ? ನನ್ನ ತೊಡೆ ಮೇಲೆ ತಲೆ ಇಟ್ಕೊಂಡು ಅಳ್ತಿದ್ಳು. ನಾನು ಧೈರ್ಯ ಹೇಳ್ತಿದ್ದೆ. ಇಲ್ಲಿ ಇಂಥದ್ದನ್ನ ಫೋನಲ್ಲಿ ಹೇಳಲ್ಲ, ಸಾಹೇಬ್ರೂ ಅವರ ಹೆಂಡ್ತೀನೂ ಮನೆಗೇ ಬರ್ತಾರೆ. ಕಾರು ಬಂದು ನಿಂತ್ಕೊಳ್ತು. ಬಾಗಿಲು ತೆಗೆದೆ. ಇಬ್ಬರೂ ನಮ್ಮ ಮೆಟ್ಟಿಲು ಹತ್ತಿ ಬಂದ್ರು. ಪಾಪ, ಮನೆ ತಪ್ಪಿ ಬಂದಿದ್ದಾರೆ ಅಂದ್ಕೊಂಡೆ. ಪಕ್ಕದ ಮನೆ ಸರ್ ಅಂತ ನಾನೇ ಕೈ ತೋರಿಸ್ದೆ ಅತ್ತಿಗೆ.’

ನಾನು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳುತ್ತಿದ್ದೆ.

‘ಅವರು ಒಳಗೆ ಬಂದು ಹೇಳಿದ್ರು. ಅವಳ ಗಂಡ ಇಳಿದಿದ್ದಾರೆ, ಅಲ್ಲೇ ಕೂರಿಸ್ಕೊಂಡು ವಿಚಾರಿಸ್ತಿದ್ದಾರೆ ಅಂತ. ಅವಳು ನಕ್ಕುಬಿಟ್ಳು. ನನ್ನ ಎದುರಿಗೇ. ಆಮೇಲೆ ಬಾಯಿ ಮುಚ್ಕೊಂಡ್ಳು. ನನಗೆ ಸಿಟ್ಟು ಬಂತು. ನಿನ್ನೆ ಬಂದು ಕಾಲು ಹಿಡ್ಕೊಂಡು ಕ್ಷಮಿಸು ಅಂದ್ಳು. ಬೂತಲ್ಲಿ ನಾನೂ ಹಾಗೇ ನಕ್ಕಿದ್ನಂತೆ ಅತ್ತಿಗೆ. ಅವಳು ಪಕ್ಕದಲ್ಲೇ ನಿಂತಿದ್ಳಲ್ಲ. ನನಗೆ ನೆನಪೇ ಇಲ್ಲ.’

ಸ್ನಾನದ ಮನೆಯಲ್ಲಿ ನೀರು ನಿಂತಿತು. ಅಮ್ಮ ಒದ್ದೆ ತಲೆಗೆ ಟವೆಲ್ಲು ಸುತ್ತಿಕೊಂಡು ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು.

‘ಕಂಪ್ಯೂಟರಲ್ಲಿ ತಪ್ಪು ಹೆಸರು ಹಾಕಿದ್ರು ಅಲ್ವಾ ಅತ್ತಿಗೆ?’ ಅಂದಳು ಅವಳು. ‘ಎಂಥಾ ಜನ ನೋಡಿ, ಪೂರ್ತಿ ತಿಳ್ಕೊಳ್ದೆ ಹೇಗೆ ಹಾಕ್ತಾರೆ?’

ಅಮ್ಮ ನನ್ನನ್ನೇ ನೋಡುತ್ತಿದ್ದರು.

‘ಹೂಂ ಕಣೆ’ ಅಂದೆ. ‘ತಪ್ಪು ಹಾಕಿದ್ರು.’